ಸಕ್ಕರೆ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘ ಕಟ್ಟುವ ಬಗೆ: ಮೊದಲ ಸಹಿಯಿಂದ ವೇತನ ಒಪ್ಪಂದದವರೆಗೆ

ಸಕ್ಕರೆ ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವ ಸೆಂಟ್ರಿಫ್ಯೂಗಲ್ ವಿಭಾಗದ ಒಬ್ಬ ಆಪರೇಟರನಿಗೆ ನಾಳೆಯಿಂದ ಬರಬೇಡ ಎಂದರೆ ಕಾರ್ಖಾನೆಗೆ ಒಂದು ಪಾಳಿಯ ತಲೆನೋವು, ಅವನ ಮನೆಗೆ ವರ್ಷದ ಕೂಳಿನ ಪ್ರಶ್ನೆ. ಅದೇ ವಿಭಾಗದ ಮೂರೂ ಪಾಳಿಯವರು ಒಂದೇ ಪತ್ರಕ್ಕೆ ಸಹಿ ಹಾಕಿದ್ದರೆ ಜನರಲ್ ಮ್ಯಾನೇಜರ್ ಆ ಮಾತನ್ನು ಆಡುವ ಮೊದಲು ವಕೀಲರಿಗೆ ಫೋನ್ ಮಾಡುತ್ತಾರೆ. ಕಾರ್ಮಿಕ ಸಂಘದಿಂದ ಆಗುವ ಮೊದಲ ಬದಲಾವಣೆ ಇದು. ಆದರೆ ಘೋಷಣೆ ಜೋರಾದ ಮಾತ್ರಕ್ಕೆ ತಕ್ಕಡಿ ಸಮವಾಗುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ಸಂಘದ ತೂಕ ನಿರ್ಧಾರವಾಗುವುದು ಎರಡು ಸಂಗತಿಗಳಿಂದ: ಸದಸ್ಯರ ಪಟ್ಟಿಯಲ್ಲಿ ಎಷ್ಟು ಹೆಸರಿವೆ, ಆ ಹೆಸರುಗಳನ್ನು ಯಾವ ತಿಂಗಳಲ್ಲಿ ಎಣಿಸುತ್ತಾರೆ.

ಕಾನೂನಿನ ನೆಲೆ ಈಗ ಬದಲಾಗಿದೆ. 1926ರ ಟ್ರೇಡ್ ಯೂನಿಯನ್ ಕಾಯ್ದೆ, 1946ರ ಸ್ಥಾಯಿ ಆದೇಶಗಳ ಕಾಯ್ದೆ, 1947ರ ಕೈಗಾರಿಕಾ ವಿವಾದ ಕಾಯ್ದೆ, ಈ ಮೂರರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಬಂದಿದ್ದು, ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹಳೆಯ ಕಾಯ್ದೆಯಡಿ ನೋಂದಣಿಯಾದ ಸಂಘಗಳ ನೋಂದಣಿ ಮುಂದುವರಿಯುತ್ತದೆ. ಹಳೆಯ ಮುಖಂಡರ ಬಾಯಲ್ಲಿ ಇನ್ನೂ ಹಳೆಯ ಕಲಂ ನಂಬರುಗಳೇ ಓಡಾಡುತ್ತಿವೆ. ಅವುಗಳನ್ನು ನಂಬಿ ನೋಟಿಸ್ ಬರೆಯಬೇಡಿ.

ಮೊದಲು ನಕ್ಷೆ, ಆಮೇಲೆ ಸಭೆ

ಬಹುತೇಕ ಸಂಘಗಳು ಸಭೆಯಿಂದ ಶುರುವಾಗಿ ಸಭೆಯಲ್ಲೇ ಮುಗಿಯುತ್ತವೆ. ಸಭೆ ಕರೆದ ಸಂಜೆಯೇ ಯಾರು ಬಂದರು, ಯಾರು ಮಾತಾಡಿದರು ಎಂಬುದು ಆಫೀಸಿಗೆ ಗೊತ್ತಾಗುತ್ತದೆ. ಆಗ ನಿಮ್ಮ ಕೈಯಲ್ಲಿ ಇನ್ನೂ ಒಂದು ಸಹಿಯೂ ಇರುವುದಿಲ್ಲ. ಕ್ರಮ ತಿರುಗಿಸಿ.

ಒಂದು ನೋಟ್‌ಬುಕ್ಕಿನಲ್ಲಿ ಕಾರ್ಖಾನೆಯ ವಿಭಾಗಗಳನ್ನು ಬರೆಯಿರಿ: ಕೇನ್ ಯಾರ್ಡ್ ಮತ್ತು ತೂಕದ ಮನೆ, ಮಿಲ್ ಹೌಸ್, ಬಾಯ್ಲರ್, ಟರ್ಬೈನ್ ಮತ್ತು ಕೋಜನ್ (ವಿದ್ಯುತ್ ಉತ್ಪಾದನೆ), ಬಾಯ್ಲಿಂಗ್ ಹೌಸ್, ಸೆಂಟ್ರಿಫ್ಯೂಗಲ್, ಲ್ಯಾಬ್, ಗೋದಾಮು, ವರ್ಕ್‌ಶಾಪ್, ಡಿಸ್ಟಿಲರಿ ಇದ್ದರೆ ಅದೂ. ಪ್ರತಿ ವಿಭಾಗದ ಎದುರು ಮೂರು ಪಾಳಿ. ಪ್ರತಿ ಪಾಳಿಯ ಕೆಳಗೆ ಹೆಸರು, ಟೋಕನ್ ನಂಬರ್, ಊರು, ಮತ್ತು ಕಾಯಂ, ಹಂಗಾಮಿ (ಕಬ್ಬು ನುರಿಸುವ ಹಂಗಾಮಿನಲ್ಲಿ ಮಾತ್ರ ಕೆಲಸ ಇರುವವರು), ಗುತ್ತಿಗೆ ಇವುಗಳಲ್ಲಿ ಯಾವುದು ಎಂಬುದು. ಈ ಕೊನೆಯ ಕಾಲಂ ಬಿಟ್ಟರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಆಮೇಲೆ ಪ್ರತಿ 15–20 ಜನರಿಗೆ ಒಬ್ಬ ಪ್ರತಿನಿಧಿಯನ್ನು ಹುಡುಕಿ. ಜೋರಾಗಿ ಮಾತಾಡುವವನನ್ನು ಹಿಡಿಯುವುದು ಸಾಮಾನ್ಯ ತಪ್ಪು. ರಜೆ ಅರ್ಜಿ ಬರೆಸಲು, ಪಿಎಫ್ ಬ್ಯಾಲೆನ್ಸ್ ನೋಡಿಸಲು ಉಳಿದವರು ಯಾರ ಹತ್ತಿರ ಹೋಗುತ್ತಾರೋ ಅವರೇ ನಿಜವಾದ ಪ್ರತಿನಿಧಿ. ಒಂದೇ ಊರಿನ, ಒಂದೇ ಸಮುದಾಯದ ಜನರಿಂದ ಸಮಿತಿ ತುಂಬಿದರೆ ಮ್ಯಾನೇಜ್‌ಮೆಂಟಿಗೆ ಕೆಲಸವೇ ಉಳಿಯುವುದಿಲ್ಲ. ಎದುರು ಗುಂಪಿನ ಸಂಘವನ್ನು ಆ ಊರಿನ ಪಕ್ಕದ ಊರೇ ಕಟ್ಟಿಕೊಡುತ್ತದೆ. ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಕಡೆ ಕರಪತ್ರ ಕನ್ನಡ–ಮರಾಠಿ ಎರಡರಲ್ಲೂ ಇರಲಿ, ಎರಡೂ ಒಂದೇ ಹಾಳೆಯ ಮೇಲೆ.

ಸದಸ್ಯತ್ವದ ಅರ್ಜಿಯಲ್ಲಿ ಇರಬೇಕಾದದ್ದು: ಪೂರ್ಣ ಹೆಸರು, ಟೋಕನ್ ನಂಬರ್, ವಿಭಾಗ, ಸೇರಿದ ವರ್ಷ, ಸಹಿ, ಮತ್ತು ದಿನಾಂಕ. ದಿನಾಂಕವನ್ನು ಸದಸ್ಯನೇ ತನ್ನ ಕೈಯಿಂದ ಬರೆಯಲಿ. ಎಲ್ಲ ಅರ್ಜಿಗಳಲ್ಲೂ ಒಂದೇ ಪೆನ್ನಿನ, ಒಂದೇ ಅಕ್ಷರದ ದಿನಾಂಕ ಕಂಡರೆ ಪರಿಶೀಲನೆಯ ದಿನ ಅದೇ ಆಕ್ಷೇಪವಾಗುತ್ತದೆ. ಇದರ ಜೊತೆಯಲ್ಲೇ ಇನ್ನೊಂದು ಚೀಟಿಗೆ ಸಹಿ ತೆಗೆದುಕೊಳ್ಳಿ: ಸಂಬಳದಿಂದ ಸಂಘದ ಚಂದಾ ಮುರಿದುಕೊಳ್ಳಲು ಲಿಖಿತ ಒಪ್ಪಿಗೆ. ನೋಂದಾಯಿತ ಸಂಘದ ಚಂದಾವನ್ನು ಕಾರ್ಮಿಕನ ಲಿಖಿತ ಒಪ್ಪಿಗೆಯ ಮೇಲೆ ಸಂಬಳದಿಂದ ಮುರಿಯಲು ವೇತನ ಸಂಹಿತೆಯಲ್ಲಿ ಅವಕಾಶವಿದೆ. ಪೇ ಸ್ಲಿಪ್‌ನಲ್ಲಿ ಆ ಸಾಲು ಬಂದರೆ ನಿಮ್ಮ ಸದಸ್ಯ ಸಂಖ್ಯೆಯನ್ನು ಕಂಪನಿಯ ಕಂಪ್ಯೂಟರೇ ಪ್ರತಿ ತಿಂಗಳು ಒಪ್ಪಿಕೊಂಡಂತೆ. ಆದರೆ ಸಂಘ ಇನ್ನೂ ಎಳೆಯದಾಗಿರುವಾಗ ಇದನ್ನು ಕೊಡುವುದು ಎಂದರೆ ಹೆಸರುಗಳ ಪಟ್ಟಿಯನ್ನೇ ಎದುರಿಗಿಟ್ಟಂತೆ. ಚೀಟಿ ಸಿದ್ಧವಿರಲಿ, ಅರ್ಧಕ್ಕಿಂತ ಹೆಚ್ಚು ಜನ ಸೇರಿದ ಮೇಲೆ ಒಟ್ಟಿಗೇ ಕೊಡಿ.

ನೋಂದಣಿ

ಅರ್ಜಿಗೆ ಕನಿಷ್ಠ ಏಳು ಜನರ ಸಹಿ ಬೇಕು. ಅದರ ಜೊತೆಗೆ, ಅರ್ಜಿಯ ದಿನ ಆ ಕಾರ್ಖಾನೆ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇ. 10 ಅಥವಾ 100 ಜನ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರು ಇರಬೇಕು. 420 ಜನರ ಕಾರ್ಖಾನೆಗೆ 42. ಈ ಮಟ್ಟ ನೋಂದಣಿಯ ದಿನಕ್ಕಷ್ಟೇ ಅಲ್ಲ, ಯಾವಾಗಲೂ ಇರಬೇಕು. 42 ಬೇಕಾದ ಕಡೆ 45ಕ್ಕೆ ಅರ್ಜಿ ಹಾಕಿದವರು ಆರು ಜನ ಹಿಂದೆ ಸರಿದ ಕೂಡಲೇ ಕೆಳಗೆ ಬೀಳುತ್ತಾರೆ. 80 ಸಹಿ ಆಗುವವರೆಗೆ ಕಾಯುವುದೇ ಲೇಸು.

ಅರ್ಜಿದಾರರಾಗಿಯೂ ಏಳೇ ಜನ ಸಹಿ ಮಾಡಬೇಡಿ. 15–20 ಜನ ಮಾಡಿ. ಕಾರಣ ಇದು: ಅರ್ಜಿ ಹಾಕಿದ ಮೇಲೆ ಸಹಿದಾರರಲ್ಲಿ ಅರ್ಧದಷ್ಟು ಜನ ಹಿಂದೆ ಸರಿದರೂ ಅರ್ಜಿ ಊರ್ಜಿತವಾಗಿ ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚಾದರೆ ಬಿದ್ದುಹೋಗುತ್ತದೆ. ಏಳು ಜನರಿದ್ದರೆ ನಾಲ್ವರನ್ನು ಮನವೊಲಿಸಿದರೆ ಸಾಕು, 20 ಜನರಿದ್ದರೆ ಹನ್ನೊಂದು ಮನೆಗಳಿಗೆ ಹೋಗಬೇಕಾಗುತ್ತದೆ.

ಸಂಘದ ನಿಯಮಾವಳಿಯಲ್ಲಿ ಹೆಸರು, ಉದ್ದೇಶ, ಹಣ ಯಾವುದಕ್ಕೆ ಖರ್ಚಾಗುತ್ತದೆ, ಸದಸ್ಯರ ಪಟ್ಟಿ ಯಾರು ಇಡುತ್ತಾರೆ, ಚಂದಾ ಎಷ್ಟು, ಪದಾಧಿಕಾರಿಗಳ ಚುನಾವಣೆ ಮತ್ತು ತೆಗೆದುಹಾಕುವ ಬಗೆ, ವಾರ್ಷಿಕ ಲೆಕ್ಕಪರಿಶೋಧನೆ, ನಿಯಮ ತಿದ್ದುಪಡಿ, ವಿಸರ್ಜನೆ, ಇಷ್ಟೂ ಇರಬೇಕು. ಒಂದು ಬಿಟ್ಟರೂ ಅರ್ಜಿ ವಾಪಸ್ಸು ಬರುತ್ತದೆ. ನಮೂನೆ ಮತ್ತು ಶುಲ್ಕ ರಾಜ್ಯದ ನಿಯಮಗಳ ಪ್ರಕಾರ. ಬೇರೆ ಸಂಘದ ಹಳೆಯ ಫೈಲಿನಿಂದ ಝೆರಾಕ್ಸ್ ಮಾಡದೆ, ಜಿಲ್ಲೆಯ ಕಾರ್ಮಿಕ ಅಧಿಕಾರಿ ಕಚೇರಿಯಲ್ಲಿ ಅಥವಾ ಬೆಳಗಾವಿಯ ಉಪ ಕಾರ್ಮಿಕ ಆಯುಕ್ತರ ಕಚೇರಿಯಲ್ಲಿ ಈಗ ಚಾಲ್ತಿಯಲ್ಲಿರುವ ನಮೂನೆಯನ್ನೇ ಕೇಳಿ ತನ್ನಿ.

ಪದಾಧಿಕಾರಿಗಳಲ್ಲಿ ಹೊರಗಿನವರು ಮೂರನೇ ಒಂದು ಭಾಗ ಅಥವಾ ಐದು ಜನ, ಯಾವುದು ಕಡಿಮೆಯೋ ಅಷ್ಟೇ. ನಮ್ಮ ಅಭಿಪ್ರಾಯದಲ್ಲಿ ಒಬ್ಬರು ಸಾಕು, ಅವರೂ ಲೆಕ್ಕ ಅಥವಾ ಕಾನೂನು ಬಲ್ಲವರಾಗಿರಬೇಕು. ಈ ಮೂರು ಜಿಲ್ಲೆಗಳಲ್ಲಿ ಸಹಕಾರಿಯಾಗಲಿ ಖಾಸಗಿಯಾಗಲಿ ಅನೇಕ ಸಕ್ಕರೆ ಕಾರ್ಖಾನೆಗಳ ಹಿಂದೆ ಯಾವುದಾದರೂ ರಾಜಕೀಯ ಮನೆತನ ಇದ್ದೇ ಇದೆ. ಎದುರು ಪಕ್ಷದ ಮುಖಂಡರನ್ನು ಗೌರವಾಧ್ಯಕ್ಷ ಮಾಡಿದ ದಿನ ವೇತನದ ಪ್ರಶ್ನೆ ಚುನಾವಣೆಯ ಪ್ರಶ್ನೆಯಾಗುತ್ತದೆ, ಆಡಳಿತ ಮಂಡಳಿಯ ಪಕ್ಷಕ್ಕೆ ಮತ ಹಾಕುವ ಕಾರ್ಮಿಕರು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ.

ಹಣದ ವಿಷಯ ಬೇಗ ಹೇಳಿ ಮುಗಿಸಬಹುದು. ತಿಂಗಳಿಗೆ 30 ರೂ. ಚಂದಾ, 200 ಸದಸ್ಯರು ಎಂದರೆ ವರ್ಷಕ್ಕೆ 72,000 ರೂ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ನಂಬರ್ ಮುದ್ರಿತ ರಸೀದಿ ಪುಸ್ತಕ, ನಗದು ಕೈಯಲ್ಲಿ 2,000 ರೂ. ಮೀರಬಾರದು, ಅರ್ಧದಷ್ಟು ಮೊತ್ತ ಮೊಕದ್ದಮೆಗಾಗಿ ಮುಟ್ಟದೆ ಇಡಬೇಕು. ಡಿಸೆಂಬರ್ 31ಕ್ಕೆ ಮುಗಿಯುವ ವರ್ಷದ ಪರಿಶೋಧಿತ ಲೆಕ್ಕ ಮತ್ತು ಪದಾಧಿಕಾರಿಗಳ ಬದಲಾವಣೆಯನ್ನು ಪ್ರತಿ ವರ್ಷ ಕಾರ್ಮಿಕ ಸಂಘಗಳ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಮಾಲೀಕರ ಒತ್ತಡದಿಂದ ಅಷ್ಟೇ ಅಲ್ಲ, ಈ ಒಂದು ವಿವರಣಾ ಪತ್ರ ಸಲ್ಲಿಸದೆಯೂ ಸಂಘ ಸಾಯಬಹುದು.

ಶೇ. 51, ಮತ್ತು ಅದನ್ನು ಎಣಿಸುವ ತಿಂಗಳು

ನೋಂದಣಿ ಆದ ಮಾತ್ರಕ್ಕೆ ಮಾತುಕತೆಯ ಹಕ್ಕು ಸಿಗುವುದಿಲ್ಲ. ಕಾರ್ಖಾನೆಯಲ್ಲಿ ಒಂದೇ ಸಂಘವಿದ್ದರೆ, ನಿಯಮಗಳ ಷರತ್ತಿಗೆ ಒಳಪಟ್ಟು, ಅದೇ ಮಾತುಕತೆಯ ಸಂಘ. ಒಂದಕ್ಕಿಂತ ಹೆಚ್ಚಿದ್ದರೆ ಮಸ್ಟರ್ ರೋಲ್‌ನಲ್ಲಿ (ಹಾಜರಿ ಪಟ್ಟಿಯಲ್ಲಿ) ಇರುವ ಕಾರ್ಮಿಕರಲ್ಲಿ ಶೇ. 51 ಅಥವಾ ಹೆಚ್ಚು ಬೆಂಬಲ ಇರುವ ಸಂಘಕ್ಕೆ ಮಾತ್ರ ಆ ಹಕ್ಕು. ಯಾರಿಗೂ ಶೇ. 51 ಇಲ್ಲದಿದ್ದರೆ ಮಾತುಕತೆಯ ಮಂಡಳಿ ರಚನೆಯಾಗುತ್ತದೆ. ಕನಿಷ್ಠ ಶೇ. 20 ಬೆಂಬಲ ಇರುವ ಸಂಘಗಳಿಗೆ ಅದರಲ್ಲಿ ಜಾಗ, ಪ್ರತಿ ಶೇ. 20ಕ್ಕೆ ಒಬ್ಬ ಪ್ರತಿನಿಧಿ. ಮಾನ್ಯತೆ ಮೂರು ವರ್ಷ, ಎರಡೂ ಕಡೆ ಒಪ್ಪಿದರೆ ಒಟ್ಟು ಐದು ವರ್ಷದವರೆಗೆ.

ಸಕ್ಕರೆ ಕಾರ್ಖಾನೆಯ ನಿಜವಾದ ಆಟ ಇಲ್ಲಿದೆ. 420 ಜನರಲ್ಲಿ 180 ಕಾಯಂ, 240 ಹಂಗಾಮಿ ಎಂದಿಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಎಣಿಸಿದರೆ ಶೇ. 51 ಎಂದರೆ 215 ಜನ. ಜುಲೈ ತಿಂಗಳಲ್ಲಿ, ಹಂಗಾಮಿನವರು ಮಸ್ಟರ್‌ನಲ್ಲಿ ಕಾಣದ ಹೊತ್ತಿನಲ್ಲಿ ಎಣಿಸಿದರೆ ಅದು 92. ಹಂಗಾಮಿ ಕಾರ್ಮಿಕರನ್ನು ಕಟ್ಟಿಕೊಂಡು ಬೆಳೆದ ಸಂಘ ಜುಲೈ ಎಣಿಕೆಯಲ್ಲಿ ಸೋಲುತ್ತದೆ. ಓವರ್‌ಹಾಲಿಂಗ್ ಮಾಡುವ ವರ್ಕ್‌ಶಾಪಿನ ಕಾಯಂ ಜನರ ಸಣ್ಣ ಸಂಘ ಗೆಲ್ಲುತ್ತದೆ. ಆದ್ದರಿಂದ ಮಾನ್ಯತೆ ಕೇಳುವ ಪತ್ರವನ್ನು ಹಂಗಾಮು ಶುರುವಾದ ಮೊದಲ ವಾರದಲ್ಲೇ ಕೊಡಿ, ಪರಿಶೀಲನೆ ಹಂಗಾಮು ನಡೆಯುತ್ತಿರುವಾಗಲೇ ಆಗಲಿ ಎಂದು ಅದರಲ್ಲೇ ಬರೆಯಿರಿ. ಹಂಗಾಮಿಲ್ಲದ ತಿಂಗಳುಗಳಲ್ಲಿ ರಿಟೆನ್ಷನ್ ಭತ್ಯೆ ಪಡೆಯುವ ಹಂಗಾಮಿ ಕಾರ್ಮಿಕರ ಹೆಸರುಗಳು ಮಸ್ಟರಿನಲ್ಲಿ ಉಳಿಯಬೇಕು ಎಂಬ ವಾದಕ್ಕೆ ಆ ಭತ್ಯೆಯ ರಸೀದಿಯೇ ಸಾಕ್ಷಿ. ಹಾಗಾಗಿ ಹಳೆಯ ರಸೀದಿಗಳನ್ನು ಕೂಡಿಡಿ.

ಗುತ್ತಿಗೆ ಕಾರ್ಮಿಕರು ಮುಖ್ಯ ಕಾರ್ಖಾನೆಯ ಮಸ್ಟರಿನಲ್ಲಿ ಇರುವುದಿಲ್ಲ, ಹಾಗಾಗಿ ಶೇ. 51ರ ಲೆಕ್ಕದಲ್ಲಿ ನಿಮಗೆ ನೆರವಾಗುವುದಿಲ್ಲ. ಅಷ್ಟಕ್ಕೇ ಅವರನ್ನು ಹೊರಗಿಟ್ಟರೆ ಮುಂದೆ ಪೆಟ್ಟು ಬೀಳುವುದು ನಿಮಗೇ: ನಿವೃತ್ತರಾದ ಪ್ರತಿ ಕಾಯಂ ಕಾರ್ಮಿಕನ ಜಾಗ ಗುತ್ತಿಗೆಗೆ ಹೋಗುತ್ತದೆ, ಐದು ವರ್ಷದಲ್ಲಿ ನಿಮ್ಮ ಶೇ. 51 ಎಂಬುದು ಕಾರ್ಖಾನೆಯ ನಾಲ್ಕರಲ್ಲೊಂದು ಭಾಗವಾಗಿ ಕುಗ್ಗಿರುತ್ತದೆ. ಕಬ್ಬು ಕಡಿಯುವ ಗ್ಯಾಂಗುಗಳ ಕಥೆ ಬೇರೆಯೇ. ಮುಕಾದಮನ (ಗ್ಯಾಂಗಿನ ಮೇಸ್ತ್ರಿಯ) ಮುಂಗಡದ ಮೇಲೆ ನಡೆಯುವ ಆ ಕೆಲಸಕ್ಕೆ ಕಾರ್ಖಾನೆಯ ಸಂಘದ ಚೌಕಟ್ಟು ಹೊಂದುವುದಿಲ್ಲ.

ಒತ್ತಡ ಬರುವ ದಾರಿಗಳು

ನೋಂದಣಿಯ ಸುದ್ದಿ ಹರಡಿದ ಒಂದೆರಡು ತಿಂಗಳಲ್ಲಿ ಇವು ಬರುತ್ತವೆ, ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ಚುರುಕಾದ ಇಬ್ಬರು ಮುಖಂಡರಿಗೆ ಸೂಪರ್‌ವೈಸರ್ ಬಡ್ತಿ ಸಿಗುತ್ತದೆ. ಮೇಲ್ವಿಚಾರಣೆ ಕೆಲಸದಲ್ಲಿ ತಿಂಗಳಿಗೆ 18,000 ರೂ. ಮೀರಿದ ವೇತನ ಇದ್ದರೆ ಅವರು ಸಂಹಿತೆಯ ಅರ್ಥದಲ್ಲಿ 'ಕಾರ್ಮಿಕ' ಅಲ್ಲ. ಬಡ್ತಿ ಬೇಡ ಎನ್ನಿ ಎಂದು ಯಾರಿಗೂ ಹೇಳಲಾಗದು. ಅವರ ಜಾಗಕ್ಕೆ ಎರಡನೆಯವರನ್ನು ಮೊದಲೇ ತಯಾರು ಮಾಡಿರಬೇಕು. ಬಳಿಕ ವರ್ಗಾವಣೆ, ಮೆಮೊ (ಕಾರಣ ಕೇಳುವ ಪತ್ರ), ಕೊನೆಗೆ ಅಮಾನತು. ಅಮಾನತಿನ ಅವಧಿಯಲ್ಲಿ ಮೊದಲ 90 ದಿನ ವೇತನದ ಅರ್ಧ, ವಿಳಂಬಕ್ಕೆ ಕಾರ್ಮಿಕ ಕಾರಣನಲ್ಲದಿದ್ದರೆ ನಂತರ ಮುಕ್ಕಾಲು ಭಾಗ ಜೀವನಾಧಾರ ಭತ್ಯೆಯಾಗಿ ಸಿಗಬೇಕು. ವಿಚಾರಣೆ ಸಾಮಾನ್ಯವಾಗಿ 90 ದಿನದೊಳಗೆ ಮುಗಿಯಬೇಕು. ಮೆಮೊಗೆ ಉತ್ತರ ಕೊಡದೆ ಕೂರುವುದು ಅತಿ ದುಬಾರಿ ತಪ್ಪು. ಕೊಟ್ಟ ಗಡುವಿನೊಳಗೆ ಎರಡು ಸಾಲಾದರೂ ಬರೆದು, ಪ್ರತಿಯ ಮೇಲೆ ಮುಟ್ಟಿದ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ತಲುಪಿದ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳಿಸಿ. ಖಾಲಿ ಹಾಳೆಗೆ ಮಾತ್ರ ಯಾರೂ ಸಹಿ ಹಾಕಕೂಡದು, ಅದು ಬೋನಸ್ ರಸೀದಿ ಎಂದು ಹೇಳಿದರೂ.

ಇದಕ್ಕೆ ಕಾನೂನಿನಲ್ಲಿ ಒಂದು ಗುರಾಣಿಯಿದೆ, ಬಹಳ ಸಂಘಗಳು ಅದನ್ನು ಎತ್ತುವುದೇ ಇಲ್ಲ: 'ರಕ್ಷಿತ ಕಾರ್ಮಿಕ' ಎಂಬ ಮಾನ್ಯತೆ. ನೋಂದಾಯಿತ ಸಂಘದ ಪದಾಧಿಕಾರಿಗಳಲ್ಲಿ, ಒಟ್ಟು ಕಾರ್ಮಿಕರ ಶೇ. 1ರಷ್ಟು, ಕನಿಷ್ಠ ಐದು, ಗರಿಷ್ಠ 100 ಜನರಿಗೆ ಇದು ಸಿಗುತ್ತದೆ. 420 ಜನರ ಕಾರ್ಖಾನೆಯಲ್ಲಿ ಐದು. ವಿವಾದವು ರಾಜಿ ಸಂಧಾನ ಅಧಿಕಾರಿಯ ಅಥವಾ ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ಇರುವಾಗ ಅವರ ಲಿಖಿತ ಪೂರ್ವಾನುಮತಿ ಇಲ್ಲದೆ ಈ ಐವರನ್ನು ವಜಾ ಮಾಡುವಂತಿಲ್ಲ, ಶಿಕ್ಷಿಸುವಂತಿಲ್ಲ. ಹೆಸರುಗಳನ್ನು ಪ್ರತಿ ವರ್ಷ ಸಂಘವೇ ಬರೆದು ಕೊಡಬೇಕು, ಕೇಳದೆ ಸಿಗದು. ಅಧ್ಯಕ್ಷರ ಹೆಸರಿಗಿಂತ ಮೊದಲು ಪ್ಯಾನ್ (ಕಬ್ಬಿನ ರಸ ಕುದಿಸಿ ಸಕ್ಕರೆ ಹರಳು ಮಾಡುವ ಪಾತ್ರೆ) ಮತ್ತು ಬಾಯ್ಲರ್ ವಿಭಾಗದ ಸಮಿತಿ ಸದಸ್ಯರ ಹೆಸರು ಸೇರಿಸಿ, ಏಟು ಅಲ್ಲಿಗೇ ಬೀಳುತ್ತದೆ.

ಸಂಹಿತೆಯ ಎರಡನೇ ಅನುಸೂಚಿಯಲ್ಲಿ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಿದೆ. ಸಂಘ ಸೇರಿದರೆ ಕೆಲಸ ತೆಗೆಯುವ ಬೆದರಿಕೆ, ಮಾಲೀಕರೇ ಸಂಘ ಹುಟ್ಟುಹಾಕುವುದು, ಜನರನ್ನು ವರ್ಷಗಟ್ಟಲೆ ತಾತ್ಕಾಲಿಕವಾಗಿಯೇ ಇಡುವುದು ಎಲ್ಲ ಅದರಲ್ಲಿವೆ. ಅದೇ ಪಟ್ಟಿಯ ಇನ್ನೊಂದು ಭಾಗ ಸಂಘಗಳಿಗೆ: ಘೇರಾವ್, ಕೆಲಸ ನಿಧಾನ ಮಾಡುವುದು, ಮಾಲೀಕರ ಮನೆ ಮುಂದೆ ಪ್ರದರ್ಶನ. ದೂರು ಬರೆಯುವಾಗ ಮೊದಲ ಭಾಗವನ್ನೂ, ಹೋರಾಟ ಯೋಜಿಸುವಾಗ ಎರಡನೇ ಭಾಗವನ್ನೂ ಎದುರಿಗಿಟ್ಟುಕೊಳ್ಳಿ.

ಬೇಡಿಕೆ ಪಟ್ಟಿ: ಮಾಲೀಕರ ಭಾಷೆಯಲ್ಲಿ ಲೆಕ್ಕ

ನಲವತ್ತು ಬೇಡಿಕೆಗಳ ಪಟ್ಟಿ ಕೊಟ್ಟರೆ ಮ್ಯಾನೇಜ್‌ಮೆಂಟಿಗೆ ಖುಷಿ: ಸಮವಸ್ತ್ರ, ಸಾಬೂನು, ಬೆಲ್ಲದಲ್ಲಿ ಒಪ್ಪಿ, ಮೂಲ ವೇತನದಲ್ಲಿ ಕೈಯೆತ್ತುತ್ತಾರೆ. ಎಂಟು ಹತ್ತು ಸಾಕು, ಅದರಲ್ಲಿ ಮೂರು ಬಿಡಲಾಗದವು ಯಾವುವು ಎಂದು ಸಮಿತಿಯೊಳಗೇ ಮೊದಲು ತೀರ್ಮಾನವಾಗಿರಲಿ.

ಪ್ರತಿ ಬೇಡಿಕೆಯ ನಿಜವಾದ ಖರ್ಚು ತೆಗೆಯಿರಿ. ಕಾಯಂ ಕಾರ್ಮಿಕನಿಗೆ ತಿಂಗಳಿಗೆ 1,000 ರೂ. ಹೆಚ್ಚಿಸಿದರೆ ಮಾಲೀಕರಿಗೆ ಬೀಳುವುದು 1,000 ಅಲ್ಲ. ಪಿಎಫ್ ಪಾಲು, ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಶೇ. 13 ಎಂದರೆ 130 ರೂ.; ಇಎಸ್‌ಐ ಶೇ. 3.25 ಎಂದರೆ 32.50 ರೂ.; ಗ್ರಾಚ್ಯುಟಿ ಶೇ. 4.81 ಎಂದರೆ 48 ರೂ. ಒಟ್ಟು ಸುಮಾರು 1,210 ರೂ. ವೇತನ 15,000 ದಾಟಿದ್ದರೆ ಪಿಎಫ್, 21,000 ದಾಟಿದ್ದರೆ ಇಎಸ್‌ಐ ಲೆಕ್ಕ ಬದಲಾಗುತ್ತದೆ. 180 ಕಾಯಂ ಕಾರ್ಮಿಕರಿಗೆ ವರ್ಷಕ್ಕೆ 26,13,600 ರೂ. ಈ ಅಂಕಿಯನ್ನು ಮ್ಯಾನೇಜರ್ ಹೇಳುವ ಮೊದಲು ನೀವೇ ಹೇಳಿ, ತಕ್ಷಣ ಮುಂದಿನ ಸಾಲನ್ನೂ ಹೇಳಿ: ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆ 120 ದಿನ ನಡೆದರೆ 6 ಲಕ್ಷ ಟನ್ ಕಬ್ಬು, ಅಂದರೆ ಟನ್ನಿಗೆ 4 ರೂ. 36 ಪೈಸೆ. ಇಳುವರಿ ಶೇ. 10 ಇದ್ದರೆ ಒಂದು ಟನ್ ಕಬ್ಬಿಗೆ ಒಂದು ಕ್ವಿಂಟಲ್ ಸಕ್ಕರೆ, ಹಾಗಾಗಿ ಕ್ವಿಂಟಲ್ ಸಕ್ಕರೆಗೂ ಅಷ್ಟೇ. ಕೇಂದ್ರ ಸರ್ಕಾರ 2019ರಲ್ಲಿ ಗೊತ್ತುಪಡಿಸಿದ ಕನಿಷ್ಠ ಮಾರಾಟ ದರವೇ ಕ್ವಿಂಟಲಿಗೆ 3,100 ರೂ. 26 ಲಕ್ಷ ದೊಡ್ಡದಾಗಿ ಕೇಳಿಸುವ ಕೋಣೆಯಲ್ಲಿ 4 ರೂ. 36 ಪೈಸೆ ಬೇರೆಯೇ ಮಾತುಕತೆ ಹುಟ್ಟಿಸುತ್ತದೆ.

ಅಂಕಿಗಳು ಎಲ್ಲಿ ಸಿಗುತ್ತವೆ? ಖಾಸಗಿ ಕಂಪನಿಯಾದರೆ ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂ. ಕಟ್ಟಿ ಅದರ ಲೆಕ್ಕಪತ್ರ ನೋಡಬಹುದು. ಸಹಕಾರಿ ಕಾರ್ಖಾನೆಯಾದರೆ ಇನ್ನೂ ಸುಲಭ: ವಾರ್ಷಿಕ ಸಾಮಾನ್ಯ ಸಭೆಯ ವರದಿ ಷೇರುದಾರ ರೈತರ ಕೈಗೆ ಬರುತ್ತದೆ, ಕಾರ್ಮಿಕರ ಮನೆಯಲ್ಲೇ ಒಬ್ಬ ಷೇರುದಾರ ಇರುವುದು ಇಲ್ಲಿ ಅಪರೂಪವಲ್ಲ. ನುರಿಸಿದ ಟನ್, ಇಳುವರಿ, ಕಾರ್ಮಿಕ ವೆಚ್ಚ, ಸಾಲದ ಬಡ್ಡಿ, ಈ ನಾಲ್ಕು ಸಾಲುಗಳನ್ನು ಮೂರು ವರ್ಷಕ್ಕೆ ಬರೆದುಕೊಳ್ಳಿ. ಬಡ್ಡಿಯೇ ಲಾಭ ತಿನ್ನುತ್ತಿದ್ದರೆ ಅದನ್ನು ತಿಳಿದೇ ಕೇಳಬೇಕು. ಕಬ್ಬಿನ ಬಾಕಿಯನ್ನೇ ಕೊಡಲಾಗದ ಕಾರ್ಖಾನೆಯಲ್ಲಿ ಭಾರಿ ಹೆಚ್ಚಳದ ಒಪ್ಪಂದಕ್ಕೆ ಸಹಿ ಸಿಕ್ಕರೂ ಸಂಬಳ ಸಿಗುವುದಿಲ್ಲ.

ಹಂಗಾಮಿ ಕಾರ್ಮಿಕರ ಬೇಡಿಕೆಗಳನ್ನು ಪ್ರತ್ಯೇಕ ಭಾಗವಾಗಿ ಬರೆಯಿರಿ. ವರ್ಷವಿಡೀ ಕೆಲಸವಿಲ್ಲದ ಹಂಗಾಮಿ ಕಾರ್ಮಿಕನಿಗೆ ಗ್ರಾಚ್ಯುಟಿ ಪ್ರತಿ ಹಂಗಾಮಿಗೆ ಏಳು ದಿನದ ವೇತನ. ಕಾಯಂ ಕಾರ್ಮಿಕನಿಗೆ ವರ್ಷಕ್ಕೆ 15 ದಿನದ ವೇತನ. ಲೇ-ಆಫ್ (ತಾತ್ಕಾಲಿಕವಾಗಿ ಕೆಲಸ ಕೊಡದಿರುವುದು) ಪರಿಹಾರದ ಕಲಂಗಳು ಹಂಗಾಮಿ ಸ್ವರೂಪದ ಕಾರ್ಖಾನೆಗಳಿಗೆ ಅನ್ವಯಿಸುವುದಿಲ್ಲ. ಕಾನೂನು ಕೊಡದ ಈ ಜಾಗವನ್ನು ಒಪ್ಪಂದವೇ ತುಂಬಬೇಕು: ರಿಟೆನ್ಷನ್ ಭತ್ಯೆಯ ಶೇಕಡಾವಾರು, ಮುಂದಿನ ಹಂಗಾಮಿಗೆ ಹಿರಿತನದ ಪ್ರಕಾರ ಕರೆ, ಎಷ್ಟು ಹಂಗಾಮು ಮಾಡಿದರೆ ಕಾಯಂ ಎಂಬ ಅಂಕಿ.

ಮೇಜಿನಲ್ಲಿ ಮತ್ತು ಕಾರ್ಮಿಕ ಅಧಿಕಾರಿಯ ಮುಂದೆ

ಹಳೆಯ ಒಪ್ಪಂದ ಮುಗಿಯುವ ದಿನವನ್ನು ಮೊದಲು ನೋಡಿ. ಅವಧಿ ಮುಗಿದರೂ, ಒಂದು ಪಕ್ಷ ಲಿಖಿತವಾಗಿ ಅಂತ್ಯದ ನೋಟಿಸ್ ಕೊಟ್ಟು 60 ದಿನ ಆಗುವವರೆಗೆ ಅದು ಎಲ್ಲರನ್ನೂ ಕಟ್ಟಿಹಾಕಿರುತ್ತದೆ. ಜೂನ್ 30ಕ್ಕೆ ಮುಗಿಯುವ ಒಪ್ಪಂದಕ್ಕೆ ಜುಲೈ ಮೊದಲ ವಾರ ನೋಟಿಸ್ ಕೊಟ್ಟರೆ ಸೆಪ್ಟೆಂಬರ್ ಆರಂಭಕ್ಕೆ ಕಟ್ಟು ಬಿಡುತ್ತದೆ. ಬೇಡಿಕೆ ಪಟ್ಟಿ ಆಗಸ್ಟಿನಲ್ಲಿ, ಮಾತುಕತೆ ಸೆಪ್ಟೆಂಬರಿನಲ್ಲಿ. ಬಾಯ್ಲರ್ ಪ್ರದೀಪನದ (ಹಂಗಾಮಿಗೆ ಮುನ್ನ ಬಾಯ್ಲರಿಗೆ ಬೆಂಕಿ ಹಾಕುವ ಸಮಾರಂಭದ) ಆಮಂತ್ರಣ ಪತ್ರಿಕೆ ಅಚ್ಚಾಗುವ ಹೊತ್ತಿಗೆ ಮಾತು ಬಿಗಿಯಾಗಿರಬೇಕು. ಮಾರ್ಚ್ ತಿಂಗಳಲ್ಲಿ, ಕಬ್ಬು ಮುಗಿಯುತ್ತಾ ಬಂದಾಗ ಬೇಡಿಕೆ ಇಟ್ಟರೆ ಆಡಳಿತ ಮಂಡಳಿ ಚಹಾ ಕುಡಿಸಿ ಕಳಿಸುತ್ತದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ದರಕ್ಕಾಗಿ ಕುಳಿತದ್ದೂ ಹಂಗಾಮಿನ ಆರಂಭದಲ್ಲೇ.

ಮೇಜಿಗೆ ಐದು ಜನ ಹೋಗಿ, ಇಬ್ಬರೇ ಮಾತಾಡಿ, ಒಬ್ಬರು ಬರೆಯಲಿ. ಪ್ರತಿ ಸಭೆಯ ನಡಾವಳಿಗೆ ಅಲ್ಲೇ ಎರಡೂ ಕಡೆಯ ಸಹಿ. ಸಭೆಯ ನಡುವೆ ಹೊಸ ಪ್ರಸ್ತಾಪ ಬಂದರೆ ಹೊರಗೆ ಬಂದು ಚರ್ಚಿಸಿ. ಕೋಣೆಯೊಳಗೆ ನಿಮ್ಮವರೇ ನಿಮ್ಮವರ ಮಾತನ್ನು ತಿದ್ದುವುದು ಅರ್ಧ ಸೋಲು.

ಮುರಿದುಬಿದ್ದರೆ ರಾಜಿ ಸಂಧಾನ ಅಧಿಕಾರಿಗೆ ಅರ್ಜಿ. ವರದಿಗೆ 45 ದಿನ, ಮುಷ್ಕರದ ನೋಟಿಸ್ ಇದ್ದರೆ 14 ದಿನ. ವಿಫಲವಾದ ವರದಿ ಕೈಗೆ ಬಂದ ಮೇಲೆ 90 ದಿನದೊಳಗೆ ನ್ಯಾಯಮಂಡಳಿಗೆ ನೇರವಾಗಿ ಹೋಗಬಹುದು, ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. ವಜಾ ಆದ ಒಬ್ಬ ಕಾರ್ಮಿಕನ ಪ್ರಕರಣವಾದರೆ ಸಂಧಾನಕ್ಕೆ ಅರ್ಜಿ ಹಾಕಿ 45 ದಿನ ಕಳೆದ ಮೇಲೆ ಅವನೇ ನ್ಯಾಯಮಂಡಳಿಗೆ ಹೋಗಬಹುದು, ವಜಾ ಆದ ದಿನದಿಂದ ಎರಡು ವರ್ಷದೊಳಗೆ. ಮೊದಲು ಮೂರು ವರ್ಷ ಇತ್ತು. 'ಇನ್ನೂ ಟೈಮಿದೆ' ಎನ್ನುವ ಹಳೆಯ ಸಲಹೆ ಈಗ ಮನೆ ಕೆಡಿಸುತ್ತದೆ. ಹೈಕೋರ್ಟಿಗೆ ಹೋಗಬೇಕಾದರೆ ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ.

ಸಹಿ ಎಲ್ಲಿ ಮಾಡುತ್ತೀರಿ ಎಂಬುದೂ ಮುಖ್ಯ. ಕಾರ್ಖಾನೆಯ ಆಫೀಸಿನಲ್ಲೇ ಮಾಡಿಕೊಂಡ ಒಪ್ಪಂದ ಸಹಿ ಮಾಡಿದ ಪಕ್ಷಗಳಿಗೆ ಮಾತ್ರ. ಸಂಧಾನ ಅಧಿಕಾರಿಯ ಮುಂದೆ, ಸಂಧಾನದ ಅವಧಿಯಲ್ಲಿ ಆದ ಒಪ್ಪಂದ ಕಾರ್ಖಾನೆಯ ಎಲ್ಲ ಕಾರ್ಮಿಕರಿಗೆ, ನಾಳೆ ಸೇರುವವರಿಗೂ ಅನ್ವಯ. ಮೇಜಿನಲ್ಲಿ ಎಲ್ಲ ಕುದುರಿದ್ದರೂ ಅಧಿಕಾರಿಯ ಕಚೇರಿಗೆ ಹೋಗಿ ಸಹಿ ಮಾಡಿ.

ಮುಷ್ಕರ

ಈಗ ಯಾವ ಕಾರ್ಖಾನೆಯಲ್ಲೂ ನೋಟಿಸ್ ಇಲ್ಲದ ಮುಷ್ಕರ ಕಾನೂನುಬಾಹಿರ. ಒಂದು ಉದಾಹರಣೆ ಹಿಡಿಯಿರಿ. ಸೆಪ್ಟೆಂಬರ್ 20ಕ್ಕೆ ನೋಟಿಸ್. ಮೊದಲ 14 ದಿನ ಕೆಲಸ ನಿಲ್ಲಿಸುವಂತಿಲ್ಲ. ನೋಟಿಸಿನ ಜೀವ 60 ದಿನ, ನವೆಂಬರ್ 19ರವರೆಗೆ. ಸೆಪ್ಟೆಂಬರ್ 28ರಂದು ಅಧಿಕಾರಿ ಮೊದಲ ಸಂಧಾನ ಸಭೆ ನಡೆಸಿದರೆ ಅದು ಮುಗಿಯುವವರೆಗೆ, ಮುಗಿದು ಏಳು ದಿನ ಆಗುವವರೆಗೆ ಮತ್ತೆ ತಡೆ. 14 ದಿನದಲ್ಲಿ ವರದಿಯಾದರೆ ಅಕ್ಟೋಬರ್ 12, ಅಲ್ಲಿಂದ ಏಳು ದಿನ, ಹಾಗಾಗಿ ಅಕ್ಟೋಬರ್ 20ರಿಂದ ದಾರಿ ತೆರೆಯುತ್ತದೆ. ಅಷ್ಟರಲ್ಲಿ ಮ್ಯಾನೇಜ್‌ಮೆಂಟ್ ನ್ಯಾಯಮಂಡಳಿಗೆ ಹೋಗಿ ಅಲ್ಲಿ ವಿಚಾರಣೆ ಶುರುವಾದರೆ, ಅದು ನಡೆಯುವಷ್ಟು ಕಾಲ ಮತ್ತು ಆಮೇಲೆ 60 ದಿನ ಮುಷ್ಕರ ನಿಷಿದ್ಧ. ಸಾಮೂಹಿಕ ರಜೆ ಎಂಬ ಹಳೆಯ ಉಪಾಯವೂ ಹೋಯಿತು: ಅರ್ಧ ಅಥವಾ ಹೆಚ್ಚು ಜನ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಕಾನೂನುಬಾಹಿರ ಮುಷ್ಕರಕ್ಕೆ ಕಾರ್ಮಿಕನಿಗೆ 1,000ದಿಂದ 10,000 ರೂ. ದಂಡ, ಒಂದು ತಿಂಗಳವರೆಗೆ ಸೆರೆ, ಅಥವಾ ಎರಡೂ.

ಹೀಗಿರುವಾಗ ಮುಷ್ಕರದ ನೋಟಿಸಿನ ಬೆಲೆ ಮುಷ್ಕರಕ್ಕಿಂತ ಹೆಚ್ಚು. ಅದು ಅಧಿಕಾರಿಯನ್ನು 14 ದಿನದ ಗಡುವಿಗೆ ತರುತ್ತದೆ, ಕಬ್ಬು ಕಡಿಸುವ ದಿನಾಂಕ ಹೊಂದಿಸುತ್ತಿರುವ ಆಡಳಿತವನ್ನು ಮೇಜಿಗೆ ಎಳೆಯುತ್ತದೆ. ನೋಟಿಸಿನ ಮೊದಲು ಸದಸ್ಯರ ಗುಪ್ತ ಮತದಾನ ಮಾಡಿ. ಮುಕ್ಕಾಲು ಭಾಗ ಬರದಿದ್ದರೆ ಕೊಡಬೇಡಿ, ಯಾಕೆಂದರೆ ಕೈಯೆತ್ತಿದವರಲ್ಲಿ ಕೆಲವರು ಐದನೇ ದಿನ ಒಳಗಿರುತ್ತಾರೆ.

ಕೊಟ್ಟರೆ ಅದರಲ್ಲಿ ಎರಡು ಸಂಗತಿ ಬರೆದೇ ಕೊಡಿ. ಬಾಯ್ಲರ್ ಸುರಕ್ಷತೆಗೆ, ಪ್ಯಾನಿನೊಳಗಿನ ಮಾಲು ಇಳಿಸಲು, ಅಗ್ನಿಶಾಮಕಕ್ಕೆ ಯಾರು ಯಾರು ಕೆಲಸದಲ್ಲಿರುತ್ತಾರೆ ಎಂಬ ಹೆಸರುಪಟ್ಟಿ ಒಂದು. ಅರ್ಧ ಬೆಂದ ಮಾಲು ಗಟ್ಟಿಯಾಗಿ ಪ್ಯಾನ್ ಕೆಟ್ಟರೆ ಆಸ್ತಿ ನಾಶದ ದೂರು ನಿಮ್ಮ ಮೇಲೆ. ಇನ್ನೊಂದು, ಯಾರ್ಡಿನಲ್ಲಿ ನಿಂತ ಕಬ್ಬನ್ನು ನುರಿಸಿಯೇ ನಿಲ್ಲಿಸುತ್ತೇವೆ ಎಂಬ ಮಾತು. ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ, ನಷ್ಟ ರೈತನದು. ರೈತ ಸಂಘಟನೆಗಳಿಗೆ ನೋಟಿಸಿನ ಪ್ರತಿ ಮೊದಲೇ ತಲುಪಿಸದ ಸಂಘಕ್ಕೆ ಟ್ರ್ಯಾಕ್ಟರುಗಳ ಸಾಲಿನಿಂದಲೇ ವಿರೋಧ ಏಳುತ್ತದೆ.

ಫೌಂಡ್ರಿ, ಮಗ್ಗದ ಕಡೆಗೆ ಎರಡು ಮಾತು

ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳಲ್ಲಿ (ಲೋಹದ ಎರಕದ ಕಾರ್ಖಾನೆಗಳಲ್ಲಿ) ಹಂಗಾಮಿನ ಪ್ರಶ್ನೆಯಿಲ್ಲ, ಗಿರಾಕಿಯ ಡೆಲಿವರಿ ದಿನಾಂಕವೇ ಅಲ್ಲಿಯ ಕ್ಯಾಲೆಂಡರ್. 20 ಅಥವಾ ಹೆಚ್ಚು ಜನರಿದ್ದ ಕಡೆ ಕುಂದುಕೊರತೆ ಸಮಿತಿ ಕಡ್ಡಾಯ: ಎರಡೂ ಕಡೆಯವರು ಸಮಸಂಖ್ಯೆಯಲ್ಲಿ, ಒಟ್ಟು ಹತ್ತು ಮೀರದಂತೆ. ಸಣ್ಣ ಫೌಂಡ್ರಿಯಲ್ಲಿ ಸಂಘ ಕಟ್ಟುವ ಮೊದಲ ಮೆಟ್ಟಿಲು ಅದೇ. ರಬಕವಿ–ಬನಹಟ್ಟಿ, ಬೆಳಗಾವಿಯ ವಡಗಾವಿ, ಖಾಸಬಾಗದ ವಿದ್ಯುತ್ ಮಗ್ಗಗಳಲ್ಲಿ ಒಬ್ಬ ಮಾಲೀಕನ ಬಳಿ ಐದಾರು ಜನ ಮಾತ್ರ. ಅಲ್ಲಿ ಮಗ್ಗದ ಮನೆಗೊಂದು ಸಂಘ ಎಂಬ ಯೋಚನೆ ಬಿಟ್ಟು ಇಡೀ ಉದ್ಯಮಕ್ಕೆ ಒಂದು ಸಂಘ ಮಾಡಿ (100 ಸದಸ್ಯರು ಸಾಕು), ಮಗ್ಗ ಮಾಲೀಕರ ಸಂಘದ ಜೊತೆ ಮೀಟರ್ ದರದ ಮೇಲೆ ಕೂರಬೇಕು. ಮುಂಗಡದ ಲೆಕ್ಕ ಮಾಲೀಕನ ಡೈರಿಯಲ್ಲಿ ಮಾತ್ರ ಇರುವವರೆಗೆ ನೇಕಾರ ಕಾರ್ಮಿಕ ಬಾಯಿ ಬಿಡುವುದಿಲ್ಲ. ಹಾಗಾಗಿ ಮೊದಲ ಬೇಡಿಕೆ ದರವಲ್ಲ, ಇಬ್ಬರ ಕೈಯಲ್ಲೂ ಒಂದೊಂದು ಪ್ರತಿ ಇರುವ ಕೂಲಿ ಕಾರ್ಡು.

ಸಹಿ ಆದ ಮೇಲೆ

ಒಪ್ಪಂದದ ಕರಡಿನಲ್ಲಿ ಕೈತಪ್ಪುವ ಸಾಲುಗಳು ಕೆಲವೇ. ಹೆಚ್ಚಳ ಮೂಲ ವೇತನಕ್ಕೋ, ಭತ್ಯೆಗೋ? ಭತ್ಯೆಗೆ ಸೇರಿಸಿದರೆ ಪಿಎಫ್, ಗ್ರಾಚ್ಯುಟಿ ಬೆಳೆಯುವುದಿಲ್ಲ. ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ ಭಾಗ ವೇತನವೆಂದೇ ಲೆಕ್ಕ ಎಂದು ಸಂಹಿತೆ ಹೇಳುತ್ತದೆ, ಆ ಸಾಲನ್ನು ಕರಡಿನಲ್ಲೂ ಹಾಕಿಸಿ. ರಾಜ್ಯ ಸರ್ಕಾರ ಪ್ರತಿ ಏಪ್ರಿಲ್ 1ರಿಂದ ಏರಿಸುವ ತುಟ್ಟಿಭತ್ಯೆ ಈ ಹೆಚ್ಚಳದಿಂದ ಬೇರೆ ಎಂದು ಸ್ಪಷ್ಟವಾಗಿ ಬರೆಸದಿದ್ದರೆ ಎರಡನೇ ವರ್ಷಕ್ಕೆ ನಿಮ್ಮ ಹೆಚ್ಚಳ ಅದರಲ್ಲೇ ಕರಗಿಹೋಗುತ್ತದೆ. ಹಿಂಬಾಕಿ ಎಷ್ಟು ಕಂತು, ಯಾವ ದಿನಾಂಕ, ಈ ನಡುವೆ ನಿವೃತ್ತರಾದವರಿಗೆ ಇದೆಯೋ ಇಲ್ಲವೋ ಎಂಬುದನ್ನೂ ಬರೆಸಿ.

ಮೊದಲ ಹೊಸ ಸಂಬಳ ಬಂದ ದಿನ ಪ್ರತಿ ವಿಭಾಗದಿಂದ ಮೂರು ಪೇ ಸ್ಲಿಪ್ ತರಿಸಿ, ಒಪ್ಪಂದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿ. ತಪ್ಪು ಇದ್ದರೆ ಅದೇ ವಾರ ಲಿಖಿತವಾಗಿ ತಿಳಿಸಿ. ಮೂರು ತಿಂಗಳು ಸುಮ್ಮನಿದ್ದರೆ ಅದೇ ರೂಢಿಯಾಗುತ್ತದೆ. ಹಂಗಾಮು ಮುಗಿದು ಹಂಗಾಮಿ ಕಾರ್ಮಿಕರು ಊರಿಗೆ ಹೊರಡುವ ಮೊದಲು ಅವರ ಮೊಬೈಲ್ ನಂಬರ್, ಹಿರಿತನದ ಪಟ್ಟಿಯಲ್ಲಿ ಅವರ ಕ್ರಮಾಂಕ, ಜೂನ್‌ವರೆಗಿನ ಚಂದಾ, ಮೂರನ್ನೂ ಪುಸ್ತಕಕ್ಕೆ ಏರಿಸಿಕೊಳ್ಳಿ. ಅಕ್ಟೋಬರಿನಲ್ಲಿ ಕರೆಪತ್ರ ಹೊರಟಾಗ ಹಿರಿತನ ಬಿಟ್ಟು ಯಾರನ್ನಾದರೂ ಕರೆದರೆ ಹಿಡಿಯಲು ಇರುವುದು ಆ ಪಟ್ಟಿಯೊಂದೇ.